ಗಂಗಮ್ಮನ ಬಾಣಂತನ

ಲಿಖಿತಾ, ಮನೋಜಾ,

ನೀವಿಬ್ಬರೂ ಈಗ ಪಕ್ಕದ ಕೋಣೆಯಲ್ಲೇ ಇದ್ದೀರಿ. ಚಾರ್ಜರ್ ಯಾರದು ಎಂದು ನೀವು ಜಗಳವಾಡುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿದೆ. ಎದ್ದು ಬಂದು ಹೇಳಿದರೆ ಆಗುವ ಮಾತಿಗೆ ಹಾಳೆ ಯಾಕೆ ಅಜ್ಜಿ ಅಂತ ಕೇಳಬೇಡಿ. ಎದುರು ನಿಂತು ಮಾತಾಡುವುದು ನನಗೆ ಬರುವುದಿಲ್ಲ, ನಿಮ್ಮ ಎದುರಿಗೂ ಬರುವುದಿಲ್ಲ. ಎರಡು ಮಾತು ಆಡುವಷ್ಟರಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಮುಂದಿನ ಮಾತು ಮರೆತು ನಿಂತಿರುತ್ತೇನೆ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ. ನಮ್ಮೂರ ಶಾಲೆಯ ಮೇಷ್ಟ್ರು ಏಳನೇ ತರಗತಿಯವರೆಗೆ ತಿದ್ದಿಸಿದ ಅಕ್ಷರ ಇನ್ನೂ ಕೈಯಲ್ಲಿ ಉಳಿದಿದೆ.

ಇವತ್ತು ಬೆಳಿಗ್ಗೆ ಅವರೆಕಾಳನ್ನು ಡ್ರಮ್ಮಿಗೆ ತುಂಬುತ್ತಿದ್ದೆ. ಹುಳು ಹಿಡಿಯದ ಹಾಗೆ ಒಂದು ಪದರ ಕಾಳು, ಒಂದು ಪದರ ಲಕ್ಕಿ ಸೊಪ್ಪು ಹಾಕುವುದು ನಮ್ಮ ರೂಢಿ. ಈಗ ಸೊಪ್ಪಿಲ್ಲ. "ಲಕ್ಕಿ ಸೊಪ್ಪು ಇದ್ದಿದ್ರೆ" ಅಂದೆ. ಯಾರಿಗೂ ಹೇಳಿದ್ದಲ್ಲ, ಡ್ರಮ್ಮಿಗೆ ಹೇಳಿದ್ದು. ಮನೋಜ ಅದನ್ನು ಕೇಳಿಸಿಕೊಂಡು ಮೊಬೈಲು ಒತ್ತಿ ನನ್ನ ಮೂಗಿನ ಕೆಳಗೆ ಹಿಡಿದ. "ನೋಡಜ್ಜೀ, ಇಲ್ಲೇ ಐತೆ. ಒಣಗಿಸಿರೋ ಸೊಪ್ಪು, ಪ್ಯಾಕೆಟ್ಟು. ಬಾಗ್ಲಿಗೇ ತಂದ್ಕೊಡ್ತಾರೆ."

ನೋಡಿದೆ. ಹೊಳೆಯುವ ಪೊಟ್ಟಣದ ಮೇಲೆ ಐದು ಬೆರಳು ಬಿಡಿಸಿದ ಅದೇ ಎಲೆಯ ಚಿತ್ರವಿತ್ತು. ನೀನು ಒಳ್ಳೆಯ ಮನಸ್ಸಿನಿಂದಲೇ ತೋರಿಸಿದೆ ಮಗು. ಆದರೆ ಬೂದಿಕೋಟೆ ಕಡೆಯ ಕೆರೆಯ ಪಕ್ಕದಲ್ಲಿ ಹುಟ್ಟಿ, ಕೆರೆಯ ಪಕ್ಕದ ಊರಿಗೇ ಸೊಸೆಯಾಗಿ ಬಂದ ನನಗೆ ಲಕ್ಕಿ ಸೊಪ್ಪು ಅಂಚೆಯಲ್ಲಿ ಬರುವ ಕಾಲ ಬಂತಲ್ಲ ಅನ್ನಿಸಿ ಕಾಳು ತುಂಬುವುದನ್ನು ಅಲ್ಲಿಗೇ ಬಿಟ್ಟೆ. ಅರ್ಧ ತುಂಬಿದ ಡ್ರಮ್ಮು ಇನ್ನೂ ಹಾಗೇ ಇದೆ. ನಿಮ್ಮಮ್ಮ ಆಗಲೇ ಒಮ್ಮೆ ಗೊಣಗಿದ್ದಾಳೆ.

ಲಕ್ಕಿಯನ್ನು ನೀವು ನೋಡಿಲ್ಲವೆಂದಲ್ಲ, ನೋಡಿ ಮರೆತಿದ್ದೀರಿ. ಕೆರೆಯ ಅಂಚಿನಲ್ಲಿ ಆಳೆತ್ತರ ಬೆಳೆದು ನೀರಿನ ಕಡೆಗೆ ಬಾಗುವ ಗಿಡ, ನೀಲಿ ಹೂವು, ಮುಟ್ಟಿದರೆ ಕೈಗೆ ಅಂಟಿಕೊಳ್ಳುವ ಕಹಿ ವಾಸನೆ. ಚಿಕ್ಕವರಾಗಿದ್ದಾಗ ನಾವು ಹುಡುಗಿಯರು ನೆನೆದ ಲಂಗವನ್ನು ಅದರ ಮೇಲೆ ಹರಡಿ, ಒಣಗುವವರೆಗೆ ಅದರ ಬುಡದ ಜೇಡಿಮಣ್ಣಿನಲ್ಲಿ ಒಲೆ, ಗಡಿಗೆ, ಮುದ್ದೆ ಮಾಡಿಕೊಂಡು ಕೂರುತ್ತಿದ್ದೆವು. ಮಣ್ಣಿನ ಮುದ್ದೆಗೆ ಸಾರು ಬೇಕಲ್ಲ, ಅದಕ್ಕೆ ನೀರಂಚಿನ ಹೊನಗೊನೆ ಸೊಪ್ಪು. ಆಟದಲ್ಲೂ ನಾನು ಬಡಿಸುವವಳೇ. ಮಾತಾಡುವ ಪಾತ್ರಗಳು, ಅಂದರೆ ಅತ್ತೆ, ಬೀಗಿತಿ, ಪೊಲೀಸು, ಎಲ್ಲ ಬೇರೆಯವರದು.

ಒಂದು ಸಲ ನಮ್ಮಪ್ಪ ನನ್ನನ್ನು ಕೆಜಿಎಫ್‌ನ ಮೈಸೂರು ಮೈನ್ಸಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಸೋದರಮಾವ ಗಣಿಯಲ್ಲಿ ಕೆಲಸಕ್ಕಿದ್ದ. ಗಣಿಯವರ ಮನೆಗಳ ಲೈನಿನ ಹಿಂದೆ ಬೂದು ಬಣ್ಣದ ಮಣ್ಣಿನ ಗುಡ್ಡ. ಒಂದು ಗರಿಕೆಯೂ ಇಲ್ಲ. ಕೆರೆಯಂಚು ಮಾತ್ರ ಕಂಡಿದ್ದ ನನಗೆ ಮಣ್ಣೆಂದರೆ ಹಸಿರು ಹುಟ್ಟಲೇಬೇಕು ಎಂಬ ನಂಬಿಕೆ. ಅಪ್ಪನ ಪಂಚೆಯ ಹಿಂದೆ ನಿಂತು ಕೇಳಿದೆ, ಅಲ್ಲಿ ಹುಲ್ಲು ಯಾಕಿಲ್ಲ ಅಂತ. ಮಾವ ನಕ್ಕು, "ಅದು ಕೆಲ್ಸ ಮುಗಿದಿರೋ ಮಣ್ಣು ಕಣಮ್ಮಿ. ಚಿನ್ನ ತಕ್ಕೊಂಡು ಬಿಸಾಕಿರೋದು" ಅಂದ. ಗಾಳಿ ಬಂದರೆ ಆ ಮಣ್ಣು ಎದ್ದು ಎಲ್ಲರ ಅನ್ನದ ತಟ್ಟೆಗೂ ಬೀಳುತ್ತಿತ್ತು. ಮಾವನ ಹೆಂಡತಿ ತಟ್ಟೆಯ ಮೇಲೆ ತಟ್ಟೆ ಮುಚ್ಚಿ ಬಡಿಸುತ್ತಿದ್ದಳು. ಅದು ಅಲ್ಲಿಯ ಮರ್ಯಾದೆ ಅಂದುಕೊಂಡು ನಾನು ಊರಿಗೆ ಬಂದು ಒಂದು ವಾರ ಹಾಗೇ ಮಾಡಿ ಅವ್ವನಿಂದ ಬೈಸಿಕೊಂಡೆ.

ಎಲ್ಲಿಗೋ ಹೋದೆ. ಬಾಣಂತನದ ವಿಷಯ ಹೇಳಬೇಕು.

ಈ ಮನೆಗೆ ಸೊಸೆಯಾಗಿ ಬಂದ ವರ್ಷ ಮಳೆ ಚೆನ್ನಾಗಿ ಬಿದ್ದು ಕೆರೆಗೆ ಹೊಸನೀರು ಬಂತು. ನೀರು ಏರಿ ಲಕ್ಕಿಯ ಬೇರು ಮುಟ್ಟಿದ ದಿನ ನಮ್ಮತ್ತೆ ಬಾಗಿಲಲ್ಲಿ ನಿಂತು, "ಗಂಗಮ್ಮ ಹಡೆದವಳೆ, ಓಗಾನ ನಡೀರಿ" ಅಂದರು. ನನಗೆ ಗಾಬರಿ. ಯಾವ ಗಂಗಮ್ಮ, ಯಾರ ಸೊಸೆ ಅಂತ ಕೇಳಲೂ ನಾಚಿಕೆ. ಹೆಂಗಸರೆಲ್ಲ ಕೆರೆಯಂಚಿಗೆ ಹೋದರು. ನೀರಿನಿಂದ ನುಣ್ಣಗಿನ ಕಲ್ಲುಗಳನ್ನು ತೆಗೆದು ಒಂದು ಲಕ್ಕಿ ಪೊದೆಯ ಬುಡದಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ಇಟ್ಟು, ಬೆಲ್ಲ ಅಕ್ಕಿ ಎಡೆಯಿಟ್ಟರು. ಅಷ್ಟೇ. ಗುಡಿಯಿಲ್ಲ, ಪೂಜಾರಿಯಿಲ್ಲ. ಗಂಡಸರು ಆ ಕಡೆ ತಲೆ ಹಾಕುವಂತಿಲ್ಲ, ಬಾಣಂತಿ ಕೋಣೆಯಲ್ಲವೇ. ನಿಮ್ಮ ತಾತ ಹೊಸ ಹೆಂಡತಿ ಎಲ್ಲಿ ಹೋದಳೆಂದು ಹುಡುಕಿಕೊಂಡು ಬಂದು ಕಟ್ಟೆಯ ಮೇಲೆ ನಿಂತು ನಿಮ್ಮ ಮುತ್ತಜ್ಜಿಯಿಂದ ಬೈಸಿಕೊಂಡರು. "ನಿಂಗೇನ್ಲಾ ಇಲ್ಲಿ ಕೆಲ್ಸ, ನೀನೇನು ಸೂಲಗಿತ್ತಿಯಾ" ಅಂತ.

ಆ ದಿನದಿಂದ ನೀರು ಇಳಿಯುವವರೆಗೆ ಆ ಅಂಚಿನ ಪೊದೆಗೆ, ಜೊಂಡಿಗೆ ಕುಡುಗೋಲು ತಾಗಿಸುವಂತಿಲ್ಲ. ದನ ಬಿಡುವಂತಿಲ್ಲ. ಬಾಣಂತಿಗೆ ಬೆಚ್ಚಗಿರಬೇಕು, ಗಾಳಿ ಸೋಕಬಾರದು. ಮನೆಯ ಬಾಣಂತಿಗೂ ಲಕ್ಕಿ ಸೊಪ್ಪು ಕುದಿಸಿದ ನೀರನ್ನೇ ಹುಯ್ಯುವುದು, ಹಾಗಾಗಿ ಗಂಗಮ್ಮನಿಗೂ ಅದೇ ಕೋಣೆ. ಆ ಪೊದೆಯೊಳಗೆ ನೀರುಕೋಳಿ ಮೊಟ್ಟೆಯಿಡುತ್ತಿತ್ತು. ಬೇರಿನ ಸಂದಿಯಲ್ಲಿ ಮೀನಿನ ಮರಿಗಳು ಎಳ್ಳು ಚೆಲ್ಲಿದ ಹಾಗೆ ಓಡಾಡುತ್ತಿದ್ದವು. ಹೊಲದ ಕಡೆಯಿಂದ ಕೆಂಪಾಗಿ ಬಂದ ನೀರು ಜೊಂಡಿನೊಳಗೆ ಹಾದು ತಿಳಿಯಾಗಿ ಕೆರೆ ಸೇರುತ್ತಿತ್ತು. ಆ ಮರಿಗಳೇ ಗಂಗಮ್ಮನ ಮಕ್ಕಳು ಅಂತ ನಮ್ಮತ್ತೆ ಬಾಯಿಬಿಟ್ಟು ಹೇಳಲಿಲ್ಲ. ನಾನೇ ಅಂದುಕೊಂಡೆ. ಬೇಸಿಗೆಗೆ ಆ ಕಲ್ಲುಗಳು ಎಲ್ಲೋ ಚೆದುರಿಹೋಗುತ್ತಿದ್ದವು. ಮತ್ತೆ ಹೊಸನೀರು ಬಂದಾಗ ಹೊಸ ಕಲ್ಲು.

ಹಾಡು ಹೇಳಬೇಕಿತ್ತು. ನನ್ನ ಸರದಿ ಬಂದಾಗ ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಪಕ್ಕದಲ್ಲಿದ್ದ ನಾರಾಯಣಮ್ಮ, "ಇವಳು ಗಂಗಮ್ಮಂಗೆ ಗುಟ್ಟು ಏಳ್ತಾವಳೆ" ಅಂದು ಎಲ್ಲರನ್ನೂ ನಗಿಸಿದಳು. ಅವಳು ಆಗಲೂ ಹಾಗೇ, ಈಗಲೂ ಹಾಗೇ. ಎದುರುಮನೆಯ ನಾರಾಯಣಮ್ಮಜ್ಜಿ ಅಂದರೆ ನಿಮಗೆ ಭಯ, ನನಗೆ ನನ್ನ ಬಾಯಿ.

ಕೆರೆಯ ಮೇಲ್ಗಡೆ ಹೊಲಗಳು ಲೇಔಟ್ ಆದ ಕಥೆ ನಿಮಗೆ ಗೊತ್ತು. ಕೆಜಿಎಫ್‌ನ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೇರೆ ಬೇರೆ ಜಿಲ್ಲೆಯವರು, ನೀರು ಕಾಣುವ ಹಾಗೆ ಮನೆ ಕಟ್ಟಿಕೊಂಡರು. ಅವರ ಹಿತ್ತಲ ಬೇಲಿಗೂ ನೀರಿಗೂ ನಡುವೆ ಲಕ್ಕಿ, ಜೊಂಡು ಇರುವ ಒಂದು ಪಟ್ಟಿ. ಆ ಪಟ್ಟಿ ಕಾಗದದಲ್ಲಿ ಯಾರದ್ದೋ, ನಿಜದಲ್ಲಿ ಕತ್ತಿ ಹಿಡಿದವರದ್ದು. ಊರ ಕಡೆಯ ಅಂಚು ಕಟ್ಟೆ ರಿಪೇರಿಯಲ್ಲಿ ಆಗಲೇ ಬೋಳಾಗಿತ್ತು. ನಮಗೆ ಉಳಿದಿದ್ದು ಆ ಮನೆಗಳ ಹಿಂದಿನ ಪಟ್ಟಿ ಒಂದೇ. ಅಲ್ಲೂ ಒಬ್ಬೊಬ್ಬರೇ ಹಾವು ಬರುತ್ತದೆಂದು, ನೀರು ಕಾಣಿಸುವುದಿಲ್ಲವೆಂದು ಕಡಿಸಲು ಶುರುಮಾಡಿದ್ದರು.

ಆಗ ಬಂಗಾರಪೇಟೆಯಲ್ಲಿ ಕೆರೆಯಂಚಿನ ಬಗ್ಗೆ ಒಂದು ದಿನದ ತರಬೇತಿ ಅಂತ ನಮ್ಮ ಮಹಿಳಾ ಸಂಘಕ್ಕೆ ಹೇಳಿಕಳಿಸಿದರು. ಯಾರೂ ಹೊರಡಲಿಲ್ಲ, ಹಾಲು ಕರೆಯುವವರು ಯಾರು. ನಾರಾಯಣಮ್ಮ ನನ್ನನ್ನು ಹಿಡಿದಳು. "ಬಾಮ್ಮಿ, ಪಾನಿಪುರಿ ತಿನ್ಕೊಂಡು ಬರಾನ. ಅವರು ಏಳದು ಏಳ್ಲಿ, ನಾವು ತಿನ್ನದು ತಿನ್ನಾನ." ನಾನು ಹೋಗಿದ್ದು ಅದಕ್ಕೇ ಎಂದು ನಿಮಗೆ ಹೇಳಲು ನಾಚಿಕೆಯೇನಿಲ್ಲ. ಬಂಗಾರಪೇಟೆಯ ಬಿಳಿನೀರಿನ ಪಾನಿಪುರಿಗೆ ನಾನು ಎಲ್ಲಿಗೆ ಬೇಕಾದರೂ ಬರುವವಳು.

ಅಲ್ಲಿ ಒಬ್ಬ ಮೇಡಂ, ನಿಮ್ಮ ಚಿಕ್ಕಮ್ಮನ ವಯಸ್ಸು, ಗೋಡೆಗೆ ಚಿತ್ರ ಹಾಕಿ ತೋರಿಸಿದರು. ನೀರೊಳಗೆ ಜೊಂಡು, ಅದರ ಮೇಲೆ ಹುಲ್ಲು, ಅದರ ಮೇಲೆ ಪೊದೆ. ಬೇರು ಮಣ್ಣನ್ನು ಹಿಡಿಯುತ್ತದೆ, ಜೊಂಡು ಕೊಳೆಯನ್ನು ತಡೆಯುತ್ತದೆ, ಅಂಚನ್ನು ಅಂಚಿನ ಪಾಡಿಗೆ ಬಿಡಿ ಅಂದರು. ನಮ್ಮತ್ತೆಯ ಮಾತೇ ಚಿತ್ರವಾಗಿ ಗೋಡೆ ಮೇಲೆ ನಿಂತ ಹಾಗಿತ್ತು. ಖುಷಿಯಾಯಿತು. ಆಮೇಲೆ ಮೇಡಂ, ನಿಮ್ಮ ಊರಿನ ಕೆರೆ ಪಕ್ಕ ಮನೆ ಕಟ್ಟಿದವರಿಗೆ ನೀವೇ ಕಲಿಸಬೇಕು ಅಂದು ಮೈಕನ್ನು ನನ್ನ ಕೈಗೆ ಕೊಟ್ಟರು, ಹೆಸರು ಹೇಳಿ ಅಂತ. ನನ್ನ ಹೆಸರು ನನಗೆ ನೆನಪಾಗಲಿಲ್ಲ. ನಾರಾಯಣಮ್ಮ ಕಿತ್ತುಕೊಂಡು ಇಬ್ಬರ ಹೆಸರನ್ನೂ ಹೇಳಿದಳು.

ಮೊದಲು ಹೋದದ್ದು ಬಸವರಾಜಪ್ಪನವರ ಮನೆಗೆ. ಆ ಸಾಲಿಗೆ ಅವರೇ ಹಿರಿಯರು, ಅವರು ಮಾಡಿದಂತೆ ಉಳಿದವರು ಮಾಡುವವರು. ಹಾವೇರಿ ಕಡೆಯವರು. ಅವರ ಮನೆ ಹಿಂದಿನ ಲಕ್ಕಿ ಪೊದೆಯೇ ಎಲ್ಲಕ್ಕಿಂತ ದಟ್ಟ, ನಾವು ಈಚಿನ ವರ್ಷಗಳಲ್ಲಿ ಕಲ್ಲು ಇಡುತ್ತಿದ್ದದ್ದೂ ಅದರ ಬುಡದಲ್ಲೇ. "ಬರ್ರಿ ಅಮ್ಮಾರ, ಕುಂದರ್ರಿ" ಅಂದು ಕುರ್ಚಿ ಹಾಕಿದರು. ಅವರ ಮನೆಯಾಕೆ ಗಿರಿಜಕ್ಕ ಚಹಾ, ಚೂಡಾ ತಂದಿಟ್ಟರು.

ನಾರಾಯಣಮ್ಮ ಮೇಡಂ ಕೊಟ್ಟ ಚಿತ್ರ ಬಿಚ್ಚಿ ಶುರುಮಾಡಿದಳು. "ನೋಡಿ ಸಾಮಿ, ಈ ಗಿಡ ಕಡಿದ್ರೆ ದಡ ಕುಸೀತದೆ, ನಿಮ್ ಕಾಂಪೌಂಡೂ ಓಯ್ತದೆ, ಕೆರೆನೂ ಓಯ್ತದೆ."

"ಹಂಗೇನ ಆಗೂದಿಲ್ರಿ. ಕಲ್ಲು ಹಾಕಿ ಸಿಮೆಂಟ್ ಬಡದ್ರ ಮುಗೀತು. ಇಲ್ಲಿ ಹುಳಾ ಹುಪ್ಪಡಿ ಭಾಳ. ನೀವು ಚಹಾ ತಗೋರಿ" ಅಂದರು ಬಸವರಾಜಪ್ಪ.

"ಸಿಮೆಂಟಲ್ಲಿ ಮೀನು ಮೊಟ್ಟೆ ಇಡ್ತದಾ ಸಾಮಿ?"

"ಮೀನು ನಾವು ತಿನ್ನೂದಿಲ್ರಿ."

ನಾರಾಯಣಮ್ಮ ಬಾಯಿಮುಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಸವರಾಜಪ್ಪ ಮರುದಿನವೇ ಪೊದೆ ಕಡಿಯಲು ಆಳು ಕರೆಸುವವರಿದ್ದರು. ನಾನು ಚೂಡಾದ ತಟ್ಟೆಯನ್ನೇ ನೋಡುತ್ತಾ ಕೂತಿದ್ದವಳು ಬಾಯಿಬಿಟ್ಟೆ. ಹೇಗೆ ಬಂತೋ ಗೊತ್ತಿಲ್ಲ. ಹೊಸನೀರು ಬಂದರೆ ಗಂಗಮ್ಮ ಹಡೆದ ಹಾಗೆ, ಆ ಪೊದೆಯೇ ಅವಳ ಬಾಣಂತಿ ಕೋಣೆ, ಗಾಳಿ ಸೋಕಬಾರದು, ಕಬ್ಬಿಣ ತಾಗಬಾರದು, ನಿಮ್ಮ ಮನೆಯ ಹಿತ್ತಲಲ್ಲೇ ಮಲಗಿದ್ದಾಳೆ, ಅವಳನ್ನು ಎಬ್ಬಿಸಬೇಡಿ ಅಂದೆ. ನಾನು ಬದುಕಿನಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಬಹುಶಃ ಕಡೆಯದೂ ಅದೇ.

ಗಿರಿಜಕ್ಕನ ಕಣ್ಣು ತುಂಬಿತು. ಕೈಮುಗಿದು, "ಅಯ್ಯ ಶಿವನ, ಬಾಣಂತಿ ಅದಾಳ ಅಂತ ನಮಗ ಗೊತ್ತ ಇರಲಿಲ್ಲ ನೋಡ್ರಿ" ಅಂದರು. ಬಸವರಾಜಪ್ಪ ಎದ್ದು ನಿಂತು, "ಕಡ್ಯೂದಿಲ್ರಿ ಅಮ್ಮಾರ. ತಾಯಿಗೆ ಅನ್ಯಾಯ ಮಾಡೂದಿಲ್ಲ. ಮಾತು ಕೊಟ್ಟೆ" ಅಂದರು.

ವಾಪಸು ಬರುವಾಗ ನಾರಾಯಣಮ್ಮ ನನ್ನ ಬೆನ್ನಿಗೆ ಗುದ್ದಿದಳು. "ಏನಮ್ಮಿ, ಇಷ್ಟ್ ದಿನ ಎಲ್ಲಿ ಬಚ್ಚಿಟ್ಕೊಂಡಿದ್ದೆ ಈ ನಾಲಿಗೇನ? ಇನ್ನು ಪಂಚಾಯ್ತಿಗೆ ನಿನ್ನೇ ನಿಲ್ಸದು." ಆ ಸಾಯಂಕಾಲ ನಾನು ಎಮ್ಮೆಗೆ ಹುಲ್ಲು ಹಾಕುತ್ತಾ ಸುಮ್ಮಸುಮ್ಮನೆ ನಕ್ಕೆನಂತೆ. ಲಿಖಿತಾ, ನೀನೇ ನೋಡಿ ನಿಮ್ಮಮ್ಮನಿಗೆ ಹೇಳಿದ್ದೆ.

ಆಮೇಲೆ ಒಂದೆರಡು ತಿಂಗಳು ನನಗೆ ಮೊಣಕಾಲು ನೋವು, ಆ ಕಡೆ ಹೋಗಲಿಲ್ಲ. ಒಂದು ದಿನ ಜೇಸಿಬಿ ಸದ್ದು ಕೇಳಿತು. ಯಾರೋ ಹೊಸ ಸೈಟಿನವರು ಅಂದುಕೊಂಡೆ. ಬಸವರಾಜಪ್ಪ ಮಾತು ಕೊಟ್ಟಿದ್ದರಲ್ಲ. ಸದ್ದು ನಿಂತು ಕೆಲವು ವಾರವಾದ ಮೇಲೆ ಗಿರಿಜಕ್ಕನೇ ನಮ್ಮ ಬಾಗಿಲಿಗೆ ಬಂದರು, ಮಡಿಲಿಗೆ ತೆಂಗಿನಕಾಯಿ ಹಾಕಿದರು, ಕೈಹಿಡಿದು ಕರೆದುಕೊಂಡು ಹೋದರು.

ಪೊದೆ ಇರಲಿಲ್ಲ. ಒಂದೂ ಇರಲಿಲ್ಲ. ಬೇಲಿಯಿಂದ ನೀರಿನವರೆಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಹೊಳೆಯುವ ಟೈಲ್ಸು, ಬದಿಗೆ ಸ್ಟೀಲಿನ ಕಂಬಿ. ನಡುವೆ ಸಿಮೆಂಟಿನ ಒಂದು ಕೋಣೆ, ಮೇಲೆ ತಗಡು. ಒಳಗೆ ನಾವಿಟ್ಟಿದ್ದ ಕಲ್ಲುಗಳನ್ನೇ ತೊಳೆದು, ಸಿಮೆಂಟಿನಲ್ಲಿ ಕೂರಿಸಿ, ಸೀರೆ ಉಡಿಸಿದ್ದರು.

"ಬಾಣಂತಿ ಅಂತೀರಿ, ಪಾಪ, ಕಂಟಿಯೊಳಗ, ಕೆಸರಿನ್ಯಾಗ, ಹೆಂಗ ಇರ್ತಾಳರೀ ತಾಯಿ?" ಗಿರಿಜಕ್ಕ ಕೇಳಿದರು. "ನನಗ ನಿದ್ದಿನ ಹತ್ತಲಿಲ್ಲ. ಇವರಿಗೆ ಹೇಳೇ ಹೇಳಿದೆ, ಮದಲ ಆಕಿಗೊಂದು ಪಕ್ಕಾ ಖೋಲಿ ಕಟ್ರಿ ಅಂತ. ಈಗ ಗಾಳಿ ಬರೂದಿಲ್ಲ ನೋಡ್ರಿ."

ಬಸವರಾಜಪ್ಪ ಕಂಬಿ ಒರೆಸುತ್ತಿದ್ದರು. "ಕುಡುಗೋಲು ಹಚ್ಚಿಲ್ರಿ ಅಮ್ಮಾರ. ಬೇರು ಸಮೇತ ಎತ್ತಿಸೀವಿ. ನೀವು ಹೇಳಿದ್ದು ಮರತಿಲ್ಲ."

ಅವರ ಮುಖದಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಕುಹಕವಿದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಬ್ಬ ಹೆಂಗಸು ಇನ್ನೊಬ್ಬ ಬಾಣಂತಿಗಾಗಿ ನಿದ್ದೆಗೆಟ್ಟಿದ್ದಳು, ಅಷ್ಟೇ. ಅವರ ಮನೆಯಲ್ಲೂ ಬಾಣಂತನಗಳಾಗಿವೆ, ಗಟ್ಟಿ ಗೋಡೆಯ ಕೋಣೆಯಲ್ಲಿ ಆಗಿವೆ. ಅವರು ಕೊಟ್ಟದ್ದು ಅವರಿಗೆ ಗೊತ್ತಿದ್ದ ಅತಿ ಒಳ್ಳೆಯದನ್ನು. ನೀರಿನ ಮೇಲೆ ಎರಡು ನೀರುಕೋಳಿ ಮೆಟ್ಟಿಲ ಹತ್ತಿರ ಬರುವುದು, ತಿರುಗುವುದು, ಮತ್ತೆ ಬರುವುದು ಮಾಡುತ್ತಿದ್ದವು. ಗಿರಿಜಕ್ಕ ಅದನ್ನು ನೋಡಿ, "ದರ್ಶನಕ್ಕ ಬಂದಾವ" ಅಂದರು.

ಹೇಳಲು ಬಾಯಿ ತೆರೆದೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿತು.

ಆ ಸಾಲಿನ ಉಳಿದ ಮನೆಯವರು ಬಂದು ನೋಡಿದರು. ಯಾರಿಗೆ ತಾನೇ ತಾಯಿ ಬೇಡ. ಆ ಬೇಸಿಗೆಯಲ್ಲಿ ಜೇಸಿಬಿ ಹಿತ್ತಲಿಂದ ಹಿತ್ತಲಿಗೆ ಹೋಯಿತು. ಒಬ್ಬರು ನೀಲಿ ಟೈಲ್ಸು ಹಾಕಿಸಿದರು, ಇನ್ನೊಬ್ಬರು ಅದಕ್ಕಿಂತ ಅಗಲದ ಮೆಟ್ಟಿಲು ಕಟ್ಟಿಸಿದರು. ತರಬೇತಿಯ ಮೇಡಂ ಎದುರು ಎಲ್ಲ ಹೇಳಿಕೊಳ್ಳಬೇಕೆಂದು ನಾರಾಯಣಮ್ಮನ ಜೊತೆ ಬಂಗಾರಪೇಟೆಗೆ ಹೋದೆ. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಫೋಟೋ ನೋಡಿ, ಸ್ವಚ್ಛವಾಗಿದೆಯಲ್ಲಮ್ಮ, ಜನರೇ ಮುಂದೆ ಬಂದು ಮಾಡಿದ್ದಾರೆ, ಇನ್ನೇನು ಬೇಕು ಅಂದರು. ಆ ದಿನ ನಾವು ಪಾನಿಪುರಿ ತಿನ್ನಲಿಲ್ಲ. ಬಸ್ಸಿನಲ್ಲಿ ನಾರಾಯಣಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಪೋನೀಮ್ಮಿ" ಅಂದಳು, ಹೋಗಲಿ ಬಿಡು ಅಂತ. ಕಣ್ಣೊರೆಸಿಕೊಂಡದ್ದನ್ನು ನಾನು ನೋಡದ ಹಾಗೆ ಮಾಡಿದೆ.

ಮಳೆ ಬಂದಾಗ ನಾರಾಯಣಮ್ಮ ಹೇಳಿದ್ದೇ ಆಯಿತು. ಮೆಟ್ಟಿಲುಗಳ ನಡುವಿನ ಬರಿಮಣ್ಣು ಕುಸಿದು ಕುಸಿದು ನೀರಿಗೆ ಬಿತ್ತು. ಕೆರೆ ತಿಂಗಳುಗಟ್ಟಲೆ ಇಟ್ಟಿಗೆ ಕಲಸಿದ ನೀರಿನ ಹಾಗಿತ್ತು. ಆ ಮನೆಯವರು ದಡ ನಿಲ್ಲಲೆಂದು ದಪ್ಪ ಗುಂಡುಕಲ್ಲು ತರಿಸಿ ಸುರಿದರು. ಮರುವರ್ಷ ಗುಂಡೂ ಜಾರಿತು, ಮತ್ತೆ ಸುರಿದರು. ಕೊಳೆ ತಡೆಯಲು ಜೊಂಡಿಲ್ಲ, ಹಿತ್ತಲುಗಳ ಬಚ್ಚಲನೀರು ನೇರ ಕೆರೆಗೆ ಹೋಗಿ ಈಗ ಹಸಿರು ಪಾಚಿ ಕಟ್ಟಿದೆ. ಎಮ್ಮೆ ಮೂಸಿ ನೋಡಿ ಹಿಂದೆ ಬರುತ್ತದೆ. ನಾನು ಎಲ್ಲಿಂದಲೋ ಲಕ್ಕಿಯ ಕಡ್ಡಿ ತಂದು ಕೋಣೆಯ ಪಕ್ಕದ ಮಣ್ಣಿಗೆ ಚುಚ್ಚಿ ಬಂದೆ. ಲಕ್ಕಿ ಕಡ್ಡಿ ಹಾಗೆ ಚುಚ್ಚಿದರೂ ಬರುವ ಗಿಡ. ಚಿಗುರಿತು ಕೂಡ. ಶುಕ್ರವಾರ ಪೂಜೆಗೆ ಮುಂಚೆ ಗಿರಿಜಕ್ಕ ಅಂಗಳ ಚೊಕ್ಕ ಮಾಡುತ್ತಾ ಕಿತ್ತರು. ಮತ್ತೆ ಚುಚ್ಚಿದೆ, ಮತ್ತೆ ಕಿತ್ತರು. ಯಾರು ನೆಡುತ್ತಿದ್ದಾರೆಂದು ಅವರಿಗೆ ಗೊತ್ತಿಲ್ಲ. ಕಳೆ ಅಂದುಕೊಂಡಿದ್ದಾರೆ.

ಒಮ್ಮೆ ಧೈರ್ಯ ಮಾಡಿ ಬಸವರಾಜಪ್ಪನವರಿಗೆ ಹೇಳಿದೆ, ಗಂಗಮ್ಮನಿಗೆ ಕೋಣೆ ಬೇಡವಾಗಿತ್ತು, ಪೊದೆಯೇ ಕೋಣೆಯಾಗಿತ್ತು ಅಂತ. ಅವರು ಕೋಣೆಯ ಕಡೆ ನೋಡಿ, "ಅಮ್ಮಾರ, ಈಗ ಆಕಿನ್ನ ಹೊರಗ ಹಾಕ್ಲಿಕ್ಕೆ ಬರ್ತದೇನ್ರಿ?" ಅಂದರು.

ಇದು ಸರಿಹೋಗುತ್ತದೆಂದು ನಾನು ಬರೆಯಲಾರೆ ಮಕ್ಕಳೇ. ಈ ವರ್ಷ ಹೊಸನೀರು ಬಂದ ದಿನ ಹೆಂಗಸರೆಲ್ಲ ಟೈಲ್ಸಿನ ಮೆಟ್ಟಿಲಿಳಿದು ಪೂಜೆ ಮಾಡಿದರು. ಜಾರದ ಹಾಗೆ ಕಂಬಿ ಹಿಡಿದುಕೊಂಡರು. ಚಿಕ್ಕ ಹುಡುಗಿಯರು ಅದೇ ಪದ್ಧತಿ ಎಂದು ಕಲಿತಾಯಿತು. ನಾಳೆ ಅವರು ತಾವು ಸೊಸೆಯಾಗಿ ಹೋದ ಊರಿನ ಕೆರೆಗೂ ಕೋಣೆ ಕಟ್ಟಿಸುತ್ತಾರೆ. ಕಾಮಸಮುದ್ರದ ಕಡೆಯಿಂದ ಬಂದ ಕೆಲವರು ಅಳತೆ ತೆಗೆದುಕೊಂಡು ಹೋದರೆಂದು ಕೇಳಿದೆ.

ಇನ್ನೊಂದು ಮಾತಿದೆ. ಅದನ್ನು ನಿಮಗೆ ಯಾರೂ ಹೇಳದಿದ್ದರೂ ಒಂದು ದಿನ ನೀವೇ ಓದುತ್ತೀರಿ. ಕೋಣೆಯ ಪ್ರವೇಶದ ದಿನ ನನಗೆ ಶಾಲು ಹೊದಿಸಿದರು, ಹಾರ ಹಾಕಿದರು. ಬೇಡವೆನ್ನಲು ಮಾತು ಬೇಕಲ್ಲ, ತಲೆಬಗ್ಗಿಸಿ ಹಾಕಿಸಿಕೊಂಡೆ. ಆಮೇಲೆ ಗಿರಿಜಕ್ಕ ಪರದೆ ಸರಿಸಿ ತೋರಿಸಿದರು. ಬಾಗಿಲ ಪಕ್ಕ ಕರಿ ಗ್ರಾನೈಟಿನ ಕಲ್ಲು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಮನೆಯವರ ಹೆಸರಿಗಿಂತ ಮೇಲೆ, ಎಲ್ಲಕ್ಕಿಂತ ಮೇಲೆ, ನನ್ನ ಹೆಸರು, "ಈ ಸತ್ಕಾರ್ಯಕ್ಕೆ ಪ್ರೇರಣೆ: ಶ್ರೀಮತಿ ವೆಂಕಟಲಕ್ಷ್ಮಮ್ಮನವರು."

ಗ್ರಾನೈಟು ಬೇಗ ಅಳಿಯುವುದಿಲ್ಲ. ನಾನು ಹೋದ ಮೇಲೆ, ನೀವು ಮುದುಕರಾದ ಮೇಲೆ, ಕೆರೆ ಇರಲಿ ಬಿಡಲಿ, ಅದು ಇರುತ್ತದೆ. ನಿಮ್ಮ ಮಕ್ಕಳು ಬೆರಳಿಟ್ಟು ಓದಿ, ಇದನ್ನೆಲ್ಲ ಮಾಡಿಸಿದ್ದು ನಮ್ಮ ಮುತ್ತಜ್ಜಿ ಅಂದುಕೊಳ್ಳುತ್ತಾರೆ. ಅದಕ್ಕೆ ಎದುರಾಗಿ ಹೇಳಲು ನನ್ನ ಹತ್ತಿರ ಇರುವುದು ಈ ಹಾಳೆಗಳು ಮಾತ್ರ. ನೀರು ತಾಗಿದರೆ ಶಾಯಿ ಹರಡುತ್ತದೆ, ಇಲಿಗೆ ಸಿಕ್ಕರೆ ಒಂದು ಊಟಕ್ಕೂ ಆಗುವುದಿಲ್ಲ. ಎಲ್ಲಾದರೂ ಒಣ ಜಾಗದಲ್ಲಿ, ಇಬ್ಬರಲ್ಲಿ ಯಾರ ಹತ್ತಿರವಾದರೂ ಸರಿ, ಜೋಪಾನವಾಗಿ ಇಟ್ಟುಕೊಳ್ಳಿ.